ಕವಲು ಎಣಿಸುತ್ತಿದ್ದ ಅಕ್ಕ

ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಆಕೆ ಅಕ್ಕ, ಮುಖ್ಯಸ್ಥೆಗೂ ಅಕ್ಕನೇ. ರಕ್ತನಾಳದ ಒಳಪದರದ ಜೀವಕೋಶಗಳನ್ನು ತಟ್ಟೆಯಲ್ಲಿ ಮೆತ್ತನೆಯ ಲೋಳೆಯ ಮೇಲೆ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಅವು ಒಂದರ ಕೈ ಒಂದು ಹಿಡಿದು ಪುಟ್ಟ ನಾಳಗಳ ಬಲೆ ಹೆಣೆದುಕೊಂಡಿರುತ್ತಿದ್ದವು. ಯಾವ ಔಷಧಿಗೆ ಬಲೆ ಚಿಗುರುತ್ತದೆ, ಯಾವುದಕ್ಕೆ ಸೊರಗುತ್ತದೆ ಎಂದು ತಿಳಿಯಲು ಅಕ್ಕ ಫೋಟೊಗಳಲ್ಲಿ ಒಂದೊಂದೇ ಕವಲು ಎಣಿಸುತ್ತಿದ್ದಳು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿಂದ.

ಒಂದು ದಿನ ಗೆರೆಗಳೆಲ್ಲ ಡೊಂಕಾಗಿ ಕಂಡವು. ಕನ್ನಡಕ ಒರೆಸಿದಳು, ಪರದೆ ಒರೆಸಿದಳು. ತಲೆಯೆತ್ತಿದರೆ ಬಾಗಿಲ ಚೌಕಟ್ಟೂ ಬಾಗಿತ್ತು. ಒಂದೊಂದೇ ಕಣ್ಣು ಮುಚ್ಚಿ ನೋಡಿದಳು; ಡೊಂಕು ಒಂದು ಕಣ್ಣಿನಲ್ಲಿ ಮಾತ್ರ.

ಕಣ್ಣಿನ ಡಾಕ್ಟರು ಒಳಗಿನ ಚಿತ್ರ ತೋರಿಸಿದರು. "ಸಕ್ಕರೆ ಕಾಯಿಲೆ ಮಾಡಿದ ಕೆಲಸ, ಅಮ್ಮಾ. ಬೇಡದ ರಕ್ತನಾಳ ಹುಟ್ಟಿ ಸೋರ್ತಿವೆ. ಇಂಜೆಕ್ಷನ್ ಕೊಟ್ಟು ತಡೀಬಹುದು."

"ಇಂಥವನ್ನ ಎಣಿಸೋದೇ ನನ್ನ ಹೊಟ್ಟೆಪಾಡು, ಡಾಕ್ಟ್ರೇ," ಎಂದಳು ಅಕ್ಕ.

ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಹಾಗಾದ್ರೆ ಕೇಳಿ. ಈ ಔಷಧಿ ನಿಮ್ಮಂಥೋರು ಕೂತು ಎಣಿಸಿದ್ದರಿಂದಲೇ ಬಂದಿದ್ದು."

ಕೆಲಸ ಹೋಯಿತೆಂದೇ ಅಂದುಕೊಂಡು ಅಕ್ಕ ಮುಖ್ಯಸ್ಥೆಗೆ ವಿಷಯ ತಿಳಿಸಿದಳು. ಆಕೆ ಪಕ್ಕದ ವಿಭಾಗದಿಂದ ಒಬ್ಬ ದಢೂತಿ ಮನುಷ್ಯನನ್ನು ಕರೆತಂದಳು. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ದಾರಿ ಗುರುತಿಸುವ ಪ್ರೋಗ್ರಾಂ ಬರೆದಿದ್ದವನಾದ್ದರಿಂದ ಅವನಿಗೆ ರಸ್ತೆ ಸಾಹೇಬರು ಎಂದೇ ಹೆಸರು. ಕವಲು ಎಣಿಸಲು ಅವನು ಅದನ್ನೇ ತಿದ್ದಿದ. ಮೊದಲ ದಿನವೇ ಅದು ಗಾಳಿಗುಳ್ಳೆಯನ್ನೂ ಕವಲೆಂದು ಎಣಿಸಿತು.

"ಸಾಹೇಬ್ರೇ, ಇದು ಗುಳ್ಳೆ!"

"ಅಯ್ಯೋ, ನಾನು ಸರ್ಕಲ್ ಅಂದ್ಕೊಂಡೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡ ಪರದೆಯಲ್ಲಿ ಚಿತ್ರ ಹಿಗ್ಗಿಸಿ, ಚೆನ್ನಾಗಿದ್ದ ಕಣ್ಣಿನಿಂದ ನೋಡಿ, ನಾಳಕ್ಕೊಂದು ಬಣ್ಣ, ತಟ್ಟೆಯ ಗೀರಿಗೊಂದು ಬಣ್ಣ ಹಚ್ಚಿ ಅಕ್ಕ ತೋರಿಸಿಕೊಟ್ಟಳು. ಕ್ರಮೇಣ ಪ್ರೋಗ್ರಾಂ ಕಲಿಯಿತು. ವಾರವಿಡೀ ಹಿಡಿಯುತ್ತಿದ್ದ ಕೆಲಸ ಟೀ ಆರುವಷ್ಟರಲ್ಲಿ ಮುಗಿಯತೊಡಗಿತು.

"ಇನ್ನು ನಾನ್ಯಾಕೆ?" ಅಕ್ಕ ಮೆಲ್ಲಗೆ ಕೇಳಿದಳು.

"ಅದು ತಪ್ಪಿದಾಗ ಕಿವಿ ಹಿಂಡೋರು ಬೇಡ್ವಾ?" ಎಂದಳು ಮುಖ್ಯಸ್ಥೆ.

ಪ್ರತಿ ಇಂಜೆಕ್ಷನ್‌ಗೂ ರಸ್ತೆ ಸಾಹೇಬರೇ ತಮ್ಮ ಕಾರಿನಲ್ಲಿ ಕರೆದೊಯ್ದರು. ಅದೊಂದು ಸಂಜೆ ಮರಳುವಾಗ ಅಕ್ಕ ಚೆನ್ನಾಗಿದ್ದ ಕಣ್ಣು ಮುಚ್ಚಿ ಕಿಟಕಿಯಾಚೆ ನೋಡಿದಳು. ದೀಪದ ಕಂಬಗಳು ನೆಟ್ಟಗೆ ನಿಂತಿದ್ದವು. ಯಾವ ಊರಿನ ಯಾವ ಕೋಣೆಯಲ್ಲೋ ತನ್ನ ಹಾಗೆ ಕತ್ತು ನೋಯಿಸಿಕೊಂಡು ಎಣಿಸಿದವರೆಲ್ಲ ನೆನಪಾದರು. ಅವರ ಮುಖ ಕಂಡವಳಲ್ಲ. ಕಣ್ಣು ತುಂಬಿತು.

"ನೋವಾ ಅಕ್ಕಾ?" ಸಾಹೇಬರು ಗಾಬರಿಯಾದರು.

"ಇಲ್ಲಪ್ಪ," ಎಂದಳು. "ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ, ಅಷ್ಟೇ."