ಗೌರಮ್ಮನ ಫೈಲಿನಲ್ಲಿ ನಾನು ಬರೆದ ಸಾಲು

ಕೊರೊನಾ ತಗ್ಗಿದ ಮರುವರ್ಷ. ಚಿತ್ರದುರ್ಗದ ಆಸ್ಪತ್ರೆಯೊಂದರ ಕೀಮೋಥೆರಪಿ ವಿಭಾಗದಲ್ಲಿ ನಾನು ಹಿರಿಯ ನರ್ಸ್. ಜವನಗೊಂಡನಹಳ್ಳಿ ಕಡೆಯ ಕುರಿಗಾಹಿ ಹೆಂಗಸು ಗೌರಮ್ಮ ಸ್ತನದ ಕ್ಯಾನ್ಸರಿನ ಚಿಕಿತ್ಸೆಗೆ ನಮ್ಮಲ್ಲಿಗೆ ಬರುತ್ತಿದ್ದಳು. ವಯಸ್ಸು ನಲವತ್ತೆರಡು.

ಆಕೆಗೆ ಕೊಡುತ್ತಿದ್ದುದು ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ, ಇಪ್ಪತ್ತೊಂದು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಗಡ್ಡೆ ಕರಗಿಸುವ ಇದು ಕೆಲವರ ಹೃದಯದ ಸ್ನಾಯುವನ್ನೂ ಕೆಡಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದಕ್ಕೇ ಮೊದಲು ಎಕೊ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತೇವೆ. ಆಮೇಲೆ ಪ್ರತಿ ಸಲವೂ ಉಬ್ಬಸವಿದೆಯೇ ಎಂದು ವಿಚಾರಿಸಿ ಬರೆಯುವುದು ನನ್ನ ಕೆಲಸ. ಇದ್ದರೆ ಔಷಧಿ ತಡೆದು ಮತ್ತೆ ಎಕೊ ಮಾಡಿಸಬೇಕು.

ನಾಲ್ಕನೇ ಸಲ ನಾನು ಹೋಗುವಷ್ಟರಲ್ಲಿ ಗೌರಮ್ಮ ಮಂಚದ ಮೇಲೆ ಕುಳಿತಿದ್ದಳು.

"ಮಂದೆ ಜೊತೆ ಹೋಗ್ತಿದೀಯೇನಮ್ಮ? ದಮ್ಮು ಹತ್ತುತ್ತಾ?"

"ದಿನಾ ಹೋಗ್ತೀನಕ್ಕ. ದಮ್ಮು ಗಿಮ್ಮು ಏನಿಲ್ಲ, ಆರಾಮೈತೆ."

ಕುರಿಗಾಹಿಗಳ ನಡಿಗೆ ನನಗೆ ಗೊತ್ತಿಲ್ಲವೇ! 'ದಿನವೂ ಹರದಾರಿಗಟ್ಟಲೆ ನಡೆಯುತ್ತಾಳೆ, ಉಬ್ಬಸವಿಲ್ಲ' ಎಂದು ಬರೆದೆ. ಅದನ್ನೋದಿ ಡಾಕ್ಟರು ಸಹಿ ಹಾಕಿದರು. ಸೂಜಿ ಚುಚ್ಚಿದವಳೂ ನಾನೇ.

ಹತ್ತನೇ ದಿನ ಗಂಡ ಈರಣ್ಣ ಆಕೆಯನ್ನು ಎತ್ತಿಕೊಂಡು ಬಂದ. ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತ ಶೇಕಡಾ ಅರವತ್ತರಿಂದ ಇಪ್ಪತ್ತೆರಡಕ್ಕೆ ಇಳಿದಿತ್ತು. ಗಡ್ಡೆ ಮಾತ್ರ ಕೈಗೆ ಸಿಗದಷ್ಟು ಕರಗಿತ್ತು.

"ದಿನಾ ನಡೀತಿದ್ಲಲ್ಲಪ್ಪ?" ಎಂದೆ.

"ಎಲ್ಲಿ ನಡೀತಾಳ್ರಿ ಸಿಸ್ಟರ್? ಮೂರನೇ ಸೂಜಿ ಆದಾಗಿಂದ ಸುಸ್ತು ಅಂತ ಗಂಟು ಹೊರೋ ಕುದುರೆ ಮ್ಯಾಲೇ ಕುಂದ್ರಿಸ್ಕೊಂಡು ಹೋಗ್ತಿದ್ವಿ."

ಫೈಲು ತೆಗೆದು ನಾನು ಬರೆದ ಸಾಲನ್ನು ಮತ್ತೆ ಓದಿದೆ. ಗೌರಮ್ಮ ಸುಳ್ಳು ಹೇಳಿರಲಿಲ್ಲ. ಕುದುರೆಯ ಮೇಲೆ ಕುಳಿತವಳಿಗೆ ದಮ್ಮು ಹತ್ತುವುದಾದರೂ ಹೇಗೆ?

ಹೃದಯ ಉಳಿಸುವ ಔಷಧಿ ಬೇರೆ ಇಲ್ಲವೇ ಎಂದು ಈರಣ್ಣ ಡಾಕ್ಟರನ್ನು ಕೇಳಿದ. ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್‌ನಂಥ ಕೆಲವು ಹಾರ್ಮೋನುಗಳು ಈ ಹಾನಿಯನ್ನು ತಗ್ಗಿಸುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ, ಮನುಷ್ಯರಲ್ಲಿ ಇನ್ನೂ ಖಚಿತವಾಗಿಲ್ಲ ಎಂದು ಡಾಕ್ಟರು ವಿವರಿಸಿದರು.

"ಇಲೀನೇ ಉಳಿಸಿದೀರಿ, ಇವಳನ್ನೂ ಉಳಿಸ್ರಿ ಸಾರ್," ಎಂದು ಆತ ಕೈಮುಗಿದ.

ಇದ್ದ ಔಷಧಿಗಳನ್ನೆಲ್ಲ ಕೊಟ್ಟೆವು. ಆರನೇ ದಿನ ಗೌರಮ್ಮ ತೀರಿಕೊಂಡಳು.

ಈಗ ನಾನು ಬಾಯಿಮಾತನ್ನು ನಂಬಿ ಬರೆಯುವುದಿಲ್ಲ. ಬಂದವರನ್ನೆಲ್ಲ ವರಾಂಡದ ಕೊನೆಯವರೆಗೆ ನಡೆಸುತ್ತೇನೆ, ಜೊತೆಗೆ ನಡೆದು ಉಸಿರು ನೋಡುತ್ತೇನೆ. ಐದು ನಿಮಿಷದ ಈ ಕೆಲಸ ಕಲಿಯಲು ನನಗೆ ಒಂದು ಜೀವ ಬೇಕಾಯಿತು.

ಈರಣ್ಣನಿಗೆ ಮಾತ್ರ ನನ್ನ ತಪ್ಪನ್ನು ಹೇಳಲಾಗಲಿಲ್ಲ. ಹೆಣ ಒಯ್ಯುವ ದಿನ ಆತ, "ನಮ್ಮೋಳನ್ನ ಭಾಳ ಚೆನ್ನಾಗಿ ನೋಡ್ಕಂಡ್ರಿ ಸಿಸ್ಟರ್," ಎಂದು ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ.