ಒಣ ನೆಲ ಕೇಳಿದ ಅಮ್ಮ

ಮನೆ ಅಂದಾಕ್ಷಣ ಜನರಿಗೆ ಬಾಗಿಲು, ಕಿಟಕಿ, ಹೆಚ್ಚೆಂದರೆ ಅಡುಗೆಮನೆಯ ಟೈಲ್ಸ್ ನೆನಪಾಗುತ್ತದೆ. ನನಗೆ ಮೊದಲು ಕಾಣುವುದು ಪಂಚಾಂಗ. ನಮ್ಮ ಮಂಗಳೂರು ಕಡೆ ಗೋಡೆ ಏಳುವ ಮೊದಲು ಕಟ್ಟುವ ಅಡಿಪಾಯದ ಕಟ್ಟೆಗೆ ಹಾಗೆನ್ನುತ್ತಾರೆ. ಅದು ಅಂಗಳದಿಂದ ಎಷ್ಟು ಮೇಲಿದೆ ಎಂದು ನೋಡಿದರೆ ಸಾಕು, ಕಟ್ಟಿಸಿದವರಿಗೆ ನೀರಿನ ಭಯ ಇತ್ತೋ ಇಲ್ಲವೋ ಹೇಳಿಬಿಡುತ್ತೇನೆ. ಭಯವಿಲ್ಲದವರಿಗೆ ಮನೆಯ ನಕ್ಷೆ ಬರೆದುಕೊಡಲು ನನಗೆ ಇಷ್ಟವಿಲ್ಲ. ನನ್ನ ಗಂಡ ಇದನ್ನು ದೊಡ್ಡಸ್ತಿಕೆ ಅನ್ನುತ್ತಾರೆ. ಇರಬಹುದು.

ಈ ಭಯವನ್ನು ನಾನು ಕಲಿತದ್ದು ಊರಿನಲ್ಲಲ್ಲ, ಲಾಗೋಸಿನಲ್ಲಿ. ಮದುವೆಗೆ ಮುಂಚೆ ಕೆಲವು ವರ್ಷ ನೈಜೀರಿಯಾದ ಆ ಕಡಲ ಊರಿನಲ್ಲಿ, ಮನೆಗಳ ವಿನ್ಯಾಸ ಮಾಡುವ ಒಂದು ಸಣ್ಣ ಆಫೀಸಿನಲ್ಲಿದ್ದೆ. ನನ್ನನ್ನು ಅಲ್ಲಿಗೆ ಕರೆಸಿಕೊಂಡವನು ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳೆಯ. ನಮ್ಮ ಊರಿನವನು, ನಮ್ಮದೇ ಇಗರ್ಜಿಯವನು. ಕಡಲ ಮರಳನ್ನು ತೊಳೆಯದೆ ಕಾಂಕ್ರೀಟಿಗೆ ಹಾಕಿದರೆ ಒಳಗಿನ ಕಬ್ಬಿಣ ಉಬ್ಬಿ ಗೋಡೆ ಬಿರಿಯುತ್ತದೆ, ಜೌಗು ತುಂಬಿಸಿ ಮಾಡಿದ ನೆಲ ವರ್ಷ ಹೋದಂತೆ ಕುಸಿಯುತ್ತದೆ, ಉಪ್ಪು ಗಾಳಿಗೆ ಅಗ್ಗದ ಕೀಲುಗಳು ಎರಡು ಮಳೆಗಾಲ ಬಾಳುವುದಿಲ್ಲ – ಇದೆಲ್ಲ ಅವನೂ ನಾನೂ ಒಟ್ಟಿಗೆ ಬೈಸಿಕೊಂಡು ಕಲಿತ ಪಾಠ. ಆಮೇಲೆ ನಾನು ಮೆಡಿಕಲ್ ಕಾಲೇಜಿನ ಲೆಕ್ಚರರನ್ನು ಮದುವೆಯಾಗಿ ಮಲೇಷ್ಯಾಕ್ಕೆ ಬಂದೆ. ಅವನು ಅಲ್ಲೇ ಉಳಿದು ಮನೆ ಕಟ್ಟಿಸುವ ಕಾಂಟ್ರಾಕ್ಟರ್ ಆದ.

ಸುಬಾಂಗ್ ಜಯಾದಲ್ಲಿ ನಮ್ಮ ಕಾಂಡೋದ ಎದುರು ಬಾಗಿಲಿಗೆ ಒಬ್ಬ ಹೆಂಗಸು ಬಾಡಿಗೆಗೆ ಬಂದಳು. ಒಂಟಿ, ನನ್ನದೇ ವಯಸ್ಸು, ಒಂದು ಪ್ರೈವೇಟ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಲಾಗೋಸಿನವಳು ಎಂದು ತಿಳಿದ ಕೂಡಲೇ ಲಿಫ್ಟಿನಲ್ಲೇ ಆ ಊರಿನ ಟ್ರಾಫಿಕ್ಕನ್ನು ಬೈದೆ. ಅವಳು ಖುಷಿಯಿಂದ ನನಗಿಂತ ಹೆಚ್ಚು ಬೈದಳು. ಅಲ್ಲಿಂದ ಸ್ನೇಹ. ಅವಳ ಜೊಲೋಫ್ ಅನ್ನ ನಮ್ಮ ಮನೆಗೆ, ನನ್ನ ಹಂದಿ ಬಫಾತ್ ಅವಳ ಮನೆಗೆ. ಮಾತೆಲ್ಲ ಇಂಗ್ಲಿಷಿನಲ್ಲಿ; ಇಲ್ಲಿ ಅದನ್ನು ಕನ್ನಡ ಮಾಡಿದ್ದೇನೆ, ಮಾತಿನ ಕೊನೆಗೆ ಅವಳು ಸೇರಿಸುವ 'ಲಾ' ಒಂದನ್ನು ಬಿಟ್ಟು. ಮಲೇಷ್ಯಾದಲ್ಲಿ ಆರು ತಿಂಗಳಿದ್ದವರ ನಾಲಿಗೆಗೆ ಅದು ಅಂಟಿಯೇ ಅಂಟುತ್ತದೆ.

ಅವಳಿಗೆ ಲಾಗೋಸಿನಲ್ಲಿ ತಾಯಿಗೊಂದು ಮನೆ ಕಟ್ಟಿಸಬೇಕಿತ್ತು. ಸರೋವರದ ಹಿನ್ನೀರಿನ ಹತ್ತಿರ ಸೈಟ್ ತೆಗೆದುಕೊಂಡಾಗಿತ್ತು. ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಆ ಅಮ್ಮನನ್ನು ನನಗೆ ತೋರಿಸಿದಳು. ದಪ್ಪ ಕನ್ನಡಕ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ದೊಡ್ಡ ನಗು. ಅವರು ಇದ್ದ ಬಾಡಿಗೆ ಮನೆಗೆ ಮಳೆಗಾಲದಲ್ಲಿ ನೀರು ನುಗ್ಗುತ್ತಿತ್ತು. ಒಮ್ಮೆ ಪಕ್ಕದ ಮನೆಯವರು ಅವರನ್ನು ಬೆನ್ನ ಮೇಲೆ ಹೊತ್ತು ಹೊರಗೆ ತಂದಿದ್ದರಂತೆ. ಮಂಡಿ ಸವೆದುಹೋಗಿ ಎರಡು ಮೆಟ್ಟಿಲು ಹತ್ತುವುದೂ ಕಷ್ಟ.

ಮನೆ ಹೇಗಿರಬೇಕು ಎಂದು ಕೇಳಿದೆ. "ಬೆಳಿಗ್ಗೆ ಮಂಚದಿಂದ ಕಾಲು ಇಳಿಸಿದರೆ ಒಣ ನೆಲ ಸಿಗಬೇಕು" ಎಂದರು. "ಇನ್ನೇನು?" ಎಂದೆ. "ಇನ್ನೇನಿಲ್ಲ ಮಗಳೇ. ಅಷ್ಟು ಮಾಡು." ಇಷ್ಟು ಸರಿಯಾಗಿ ತನಗೆ ಬೇಕಾದ್ದನ್ನು ಹೇಳಿದ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕಟ್ಟುವ ಕೆಲಸವನ್ನು ನನ್ನ ಗೆಳೆಯನಿಗೇ ಕೊಡಿಸಿದೆ. ಗೊತ್ತಿಲ್ಲದ ದೇವರಿಗಿಂತ ಗೊತ್ತಿರುವ ದೆವ್ವವೇ ವಾಸಿ ಎಂದು ಗಂಡ ತಮಾಷೆ ಮಾಡಿದರು. ಗೆಳೆಯ ಸೈಟಿಗೆ ಹೋಗಿ ಫೋನಿನಲ್ಲಿ ಸುತ್ತಲೂ ತೋರಿಸಿದ. ಪಕ್ಕದ ಸೈಟಿನ ಹಳೆಯ ಕಾಂಪೌಂಡ್ ಗೋಡೆ ಕಂಡಿತು. "ಫೋನ್ ಯಾರ ಹತ್ತಿರವಾದರೂ ಕೊಟ್ಟು ಆ ಗೋಡೆಗೆ ತಾಗಿ ನಿಲ್ಲು" ಎಂದೆ. ಹಿಂದಿನ ಮಳೆಗಾಲದ ನೀರು ಗೋಡೆಯ ಮೇಲೆ ಕಂದು ಗೆರೆ ಬಿಟ್ಟುಹೋಗಿತ್ತು. ಅದು ಅವನ ಮಂಡಿಗೆ ಸರಿಯಾಗಿ ಬಂತು. ಅವನೇ ಬಗ್ಗಿ ಬೆರಳಿಟ್ಟು ತೋರಿಸಿದ.

ಆ ಗೆರೆಗಿಂತ ಚೆನ್ನಾಗಿ ಮೇಲೆ ಮನೆಯ ನೆಲವನ್ನು ಇಟ್ಟೆ. ಅಮ್ಮನಿಗೆ ಮೆಟ್ಟಿಲು ಆಗದು. ಆದ್ದರಿಂದ ಗೇಟಿನಿಂದ ಬಾಗಿಲಿನವರೆಗೆ ಉದ್ದದ ಒಂದು ಇಳಿಜಾರು ಬರೆದೆ. ಏರುತ್ತಿದ್ದೇವೆ ಎಂದು ಕಾಲಿಗೇ ಗೊತ್ತಾಗದಷ್ಟು ನಿಧಾನ. ಒಂದು ಕಡೆ ಕೈಹಿಡಿ, ನಡುವೆ ತಿರುವಿನಲ್ಲಿ ಕೂತು ದಣಿವಾರಿಸಿಕೊಳ್ಳಲು ಕಲ್ಲುಬೆಂಚು, ಅದರ ಪಕ್ಕ ಒಂದು ಗಿಡ. ಒಳಗಿನ ಮನೆ ಸಾಧಾರಣದ್ದು: ಕೆಳಗೆ ಅಮ್ಮನಿಗೆ, ಮಹಡಿಯಲ್ಲಿ ಮಗಳು ರಜೆಗೆ ಹೋದಾಗ ಇರಲು. ಆ ಇಳಿಜಾರು ಮಾತ್ರ ನನ್ನ ಕೈಯಿಂದ ಬಂದ ಅತ್ಯುತ್ತಮ ಕೆಲಸ. ಈಗಲೂ ಹಾಗೇ ಅನ್ನುತ್ತೇನೆ, ಸಂಕೋಚವಿಲ್ಲದೆ.

ಪಂಚಾಂಗಕ್ಕೆ ಅಗೆತ ಶುರುವಾಗುವ ಹೊತ್ತಿಗೆ ಎಂಸಿಒ ಬಂತು. ಲಾಕ್‌ಡೌನಿಗೆ ಮಲೇಷ್ಯಾದಲ್ಲಿ ಇದ್ದ ಹೆಸರು ಅದು. ಗಡಿ ಮುಚ್ಚಿತು, ಅವಳೂ ಹೋಗುವಂತಿರಲಿಲ್ಲ, ನಾನೂ ಹೋಗುವಂತಿರಲಿಲ್ಲ. ಸಾಮಾನು ತರಲು ಮನೆಗೊಬ್ಬರಂತೆ ಹೊರಗೆ ಬಿಡುತ್ತಿದ್ದರು. ನಮ್ಮ ಕಡೆಯ ಸಾಮಾನು ಸಿಗುವ ಬ್ರಿಕ್‌ಫೀಲ್ಡ್ಸಿನ ಅಂಗಡಿ ಚಂದ್ರಲೋಕದಷ್ಟು ದೂರವಾಯಿತು. ಬ್ಯಾಡಗಿ ಮೆಣಸು ಮುಗಿದು ನನ್ನ ಬಫಾತ್ ಬಣ್ಣ ಕಳೆದುಕೊಂಡಿತು. ಗಂಡ ಮಲಗುವ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿಗೆ ಅನಾಟಮಿ ಕಲಿಸುತ್ತಿದ್ದರು. ಯಾರ ಮನೆಗೂ ಯಾರೂ ಹೋಗಬಾರದು ಎಂದಿದ್ದರೂ ಎದುರು ಬಾಗಿಲಿಗೆ ನಾಲ್ಕು ಹೆಜ್ಜೆ ಹಾಕುವುದನ್ನು ಕೆಳಗಿನ ಗಾರ್ಡ್ ನೋಡಲು ಬರುತ್ತಿರಲಿಲ್ಲ. ಸಂಜೆಯಾದರೆ ಅವಳು ಮಾಸ್ಕ್ ಹಾಕಿಕೊಂಡು, ಫೋನು ಹಿಡಿದುಕೊಂಡು ಬರುತ್ತಿದ್ದಳು. ಗೆಳೆಯ ಕಳಿಸಿದ ಫೋಟೋಗಳನ್ನು ಇಬ್ಬರೂ ನೋಡುತ್ತಿದ್ದೆವು. ಆ ವರ್ಷ ನಮಗಿದ್ದ ಒಂದೇ ಹೊರಪ್ರಪಂಚ ಆ ಮನೆ.

ಗೋಡೆ ಎದ್ದಿತು, ಸೂರು ಏರಿತು, ಫಿನಿಶಿಂಗ್ ಶುರುವಾಯಿತು. ಆಗ ನನ್ನನ್ನು ಹಿಡಿಯುವವರೇ ಇರಲಿಲ್ಲ. ಅವಳಿಗೆ ಕನ್ನಡಿಯ ಹಾಗೆ ಹೊಳೆಯುವ ಟೈಲ್ಸ್ ಬೇಕು. ಅಮ್ಮ ಜಾರುತ್ತಾರೆ ಎಂದು ಜಗಳವಾಡಿ ಒರಟು ಮೈಯ ಟೈಲ್ಸ್ ಹಾಕಿಸಿದೆ, ಅದೂ ದುಬಾರಿಯದ್ದೇ. ಕೀಲುಗಳು ತುಕ್ಕು ಹಿಡಿಯದವು. ಗೋಡೆಗೆ ಹಣ್ಣಾದ ಪಪ್ಪಾಯದ ಬಣ್ಣ, ಅದು ಅಮ್ಮನ ಆಸೆ. ಸೊಳ್ಳೆ ಪರದೆಯ ಕಿಟಕಿ ಯಾವ ಕಡೆಗೆ ತೆರೆಯಬೇಕು ಎಂಬುದಕ್ಕೂ ನಾನು ಒಂದು ಸಂಜೆ ಖರ್ಚು ಮಾಡಿದೆ. ಮೊದಲಿನಿಂದಲೂ ಬಂದ ಫೋಟೋಗಳೆಲ್ಲ ಹತ್ತಿರದಿಂದ ತೆಗೆದವು, ಈಗಂತೂ ಒಳಗಿನವೇ. "ಹೊರಗಿನದ್ದು ಒಂದು ಕಳಿಸೋ" ಎಂದರೆ ಗೆಳೆಯ, "ಹೊರಗೆ ಪೂರಾ ಮರಳು, ಕಸ ಮಾರಾಯ್ತಿ. ಮುಗಿದ ಮೇಲೆ ಒಟ್ಟಿಗೆ ನೋಡುವಿಯಂತೆ" ಎನ್ನುತ್ತಿದ್ದ. ಎದುರು ಮನೆಯವಳು ತಲೆಯಾಡಿಸುತ್ತಿದ್ದಳು. ನಾನು ಅವಳಿಗೆ ಇನ್ನೊಂದು ಲೋಟ ಚಹಾ ಕೊಡುತ್ತಿದ್ದೆ.

ಮರುವರ್ಷದ ಆರಂಭದಲ್ಲಿ, ಇಲ್ಲಿ ಮತ್ತೆ ಎಂಸಿಒ ಹೇರಿದ ದಿನಗಳಲ್ಲಿ, ಅಲ್ಲಿ ಮನೆ ಒಕ್ಕಲಾಯಿತು. ಗೆಳೆಯ ವಿಡಿಯೋ ಕಳಿಸಿದ. ಗಂಡನನ್ನು ಕರೆದು ಸೋಫಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಗೇಟು ತೆರೆಯಿತು. ಮುಂದೆ ಅಮ್ಮ, ಹೊಸ ನೀಲಿ ಬಟ್ಟೆ, ಅವರ ಹಿಂದೆ ಪಾದ್ರಿ, ಹಿಂದೆ ಬಂಧುಗಳು ಹಾಡುತ್ತಾ. ಅಗಲವಾದ ಪೋರ್ಚಿನ ಕೆಳಗೆ ಎರಡು ಕಾರು. ಅಮ್ಮ ಕಾರುಗಳ ನಡುವೆ ನೇರ ನಡೆದು ಹೊಸ್ತಿಲು ದಾಟಿ ಒಳಗೆ ಹೋದರು.

"ಚೆಂದ ಉಂಟಲ್ಲ" ಎಂದರು ಗಂಡ.

"ಯಾರೂ ಹತ್ತಲೇ ಇಲ್ಲ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಮತ್ತೆ ಹಾಕಿದೆ. ಪಾದ್ರಿಯ ನಿಲುವಂಗಿಯ ಅಂಚು ಗೇಟಿನಿಂದ ಬಾಗಿಲಿನವರೆಗೆ ಒಂದೇ ಮಟ್ಟದಲ್ಲಿ ತೇಲಿತು. ಇಳಿಜಾರಿಲ್ಲ, ಬೆಂಚಿಲ್ಲ, ಪಂಚಾಂಗವೇ ಇಲ್ಲ ಎನ್ನಬೇಕು. ಮನೆ ನೆಲಕ್ಕೆ ಅಂಟಿಕೊಂಡು ಕೂತಿತ್ತು. ಲಾಗೋಸಿಗೆ, ಗೆಳೆಯನಿಗೆ ಫೋನ್ ಹಚ್ಚಿದೆ.

"ಇಳಿಜಾರು ಎಲ್ಲಿ ಹೋಯ್ತು?"

"ಅದಾ... ಎಂತ ಮಾಡುದು ಮಾರಾಯ್ತಿ. ಡ್ರಾಯಿಂಗ್ ನೋಡಿ ಅವಳ ಅಣ್ಣಂದಿರು ಆಸ್ಪತ್ರೆಯ ಹಾಗೆ ಕಾಣ್ತದೆ ಅಂದ್ರು. ಅವರಿಗೆ ಎರಡು ಕಾರಿನ ಪೋರ್ಚ್ ಬೇಕಂತೆ. ನೆಲ ಕೆಳಗೆ ತಂದ್ರೆ ಮಣ್ಣು ತುಂಬಿಸುವ ಖರ್ಚು ಉಳೀತದೆ, ಅದನ್ನು ಫಿನಿಶಿಂಗಿಗೆ ಹಾಕುವ ಅಂತ ಅವಳೇ ಹೇಳಿದ್ದು."

"ಯಾವಾಗ ಹೇಳಿದ್ದು?"

"ಪಂಚಾಂಗ ಹಾಕುವಾಗಲೇ."

"ಮತ್ತೆ ನನಗೆ?"

"ನಿನಗೆ ಹೇಳಿದ್ರೆ ನೀನು ಬಿಡ್ತಿದ್ದಿಯಾ? ನಿನ್ನ ಮೂಗಿನ ಮೇಲಿನ ಕೋಪ ನನಗೆ ಗೊತ್ತಿಲ್ವಾ? ಅವಳೇ ಹೇಳ್ಬೇಡ ಅಂದದ್ದು."

"ಆ ಗೋಡೆ ಹತ್ತಿರ ನಿಂತು ಗುರುತು ತೋರಿಸಿದವನು ನೀನೇ ಅಲ್ವನೋ?"

"ಪ್ರತಿ ವರ್ಷ ಅಷ್ಟು ಬರ್ತದಾ? ಬಂದ್ರೆ ಆಗ ನೋಡುವ" ಎಂದ. ಜೊತೆಗೆ ಕಲಿತವನ ಬಾಯಿಂದ ಆ ಮಾತು ಬಂದದ್ದೇ ಫೋನ್ ಇಟ್ಟುಬಿಟ್ಟೆ.

ಪಂಚಾಂಗ ಹಾಕುವಾಗಲೇ! ಅಂದರೆ ಅಷ್ಟೂ ಸಂಜೆಗಳು, ಅಷ್ಟೂ ಚಹಾ. ನಾನು ಕೊಟ್ಟ ಎತ್ತರವನ್ನು ಕರಗಿಸಿ ಆ ದುಡ್ಡಿನಲ್ಲಿ ಟೈಲ್ಸ್ ತಂದರು, ಆ ಟೈಲ್ಸನ್ನು ನನ್ನ ಕೈಯಿಂದಲೇ ಆಯ್ಕೆ ಮಾಡಿಸಿದರು. ನಾನು ಜಗಳವಾಡಿ ಗೆದ್ದೆ ಎಂದು ಬೀಗುತ್ತಿದ್ದಾಗ ಅವಳಿಗೆ ಒಳಗೊಳಗೆ ಏನನ್ನಿಸಿರಬೇಕು? ಇಬ್ಬರೂ ಸೇರಿ ನನ್ನ ಕಿವಿಗೆ ಹೂವಿಟ್ಟಿದ್ದರು, ನಾನು ಒಂದು ವರ್ಷ ಅದನ್ನು ಮುಡಿದುಕೊಂಡು ಓಡಾಡಿದ್ದೆ. ಊರಿಗೆ ಉಪಕಾರ, ಹೆಣಕ್ಕೆ ಶೃಂಗಾರ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮೋಸಹೋದವರಿಗೆ ದುಃಖಕ್ಕಿಂತ ಮೊದಲು ನಾಚಿಕೆಯಾಗುತ್ತದೆ; ನನಗಂತೂ ಹಾಗೇ ಆಯಿತು.

ಆ ರಾತ್ರಿ ಅವಳ ಮನೆಯಲ್ಲಿ ನಮಗೆ ಊಟ. "ಜಗಳ ಮಾಡ್ಬೇಡ ಆಯ್ತಾ. ಎದುರು ಮನೆ, ನಾಳೆಯೂ ಮುಖ ನೋಡ್ಬೇಕು" ಎಂದು ಗಂಡ ಹೇಳಿ ಕಳಿಸಿದರು, ತಾವು ಮಾತ್ರ ಕ್ಲಾಸ್ ಇದೆ ಎಂದು ತಪ್ಪಿಸಿಕೊಂಡರು. ನಾನು ಬರಿಗೈಯಲ್ಲಿ ಹೋದೆ. ನನ್ನ ಬರಿಗೈ ನೋಡಿದಾಗಲೇ ಅವಳಿಗೆ ಗೊತ್ತಾಗಿರಬೇಕು.

"ನಿನ್ನ ಗೆಳೆಯ ಫೋನ್ ಮಾಡಿದನಾ?" ಎಂದಳು.

"ನಾನೇ ಮಾಡಿದೆ."

"ನೋಡು, ಅಣ್ಣಂದಿರು ಕೇಳಲಿಲ್ಲ ಲಾ. ನಿನಗೆ ನೋವಾಗುತ್ತೆ ಅಂತ..."

"ನನ್ನ ನೋವು ಹಾಳಾಗಿ ಹೋಗಲಿ. ನಿಮ್ಮಮ್ಮ ಕೇಳಿದ್ದು ಏನು?"

ಅವಳು ಉತ್ತರ ಕೊಡುವ ಮೊದಲು ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಅಮ್ಮ. ಅವಳು ಎತ್ತಲು ಹಿಂಜರಿದಳು, ಕೊನೆಗೆ ಎತ್ತಿದಳು. ನನ್ನನ್ನು ತೆರೆಯ ಮೂಲೆಯಲ್ಲಿ ಕಂಡದ್ದೇ ಅಮ್ಮ ಕೂಗಿದರು, "ಅವಳ ಕೈಗೆ ಕೊಡು! ನನ್ನ ಎಂಜಿನಿಯರ್ ಮಗಳ ಕೈಗೆ ಕೊಡು!"

ಕೈಗೆ ತೆಗೆದುಕೊಂಡೆ. ಅವರ ಹಿಂದೆ ನನ್ನ ಪಪ್ಪಾಯ ಬಣ್ಣದ ಗೋಡೆ ಇತ್ತು.

"ನನ್ನ ಮಂಡಿಗಾಗಿ ನೀನೇ ಒಂದು ಮೆಟ್ಟಿಲೂ ಇಲ್ಲದ ಮನೆ ಮಾಡಿಸಿದೆ ಎಂದು ಮಗಳು ಹೇಳಿದಳು. ಇವತ್ತು ಪಾದ್ರಿಯ ಹತ್ತಿರ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡಿಸಿದೆ. ಇಲ್ಲಿ ಪಕ್ಕದವರು ಬಂದು ನೆಲ ತಗ್ಗಾಯಿತು, ತಗ್ಗಾಯಿತು ಎನ್ನುತ್ತಾರೆ. ನಾನು ಅಂದೆ, ಮಲೇಷ್ಯಾದಲ್ಲಿ ನನಗೊಬ್ಬಳು ಮಗಳಿದ್ದಾಳೆ, ಅವಳು ನೋಡದೆ ಮಾಡುವವಳಲ್ಲ ಎಂದು."

ಎದುರಿಗೆ ಕೂತವಳು ತಟ್ಟೆಯನ್ನು ನೋಡುತ್ತಿದ್ದಳು. ನನಗೆ ಹೇಳಬೇಡ ಎಂದು ಗೆಳೆಯನಿಗೆ ಹೇಳಿದವಳು, ಅಮ್ಮನ ಹತ್ತಿರ ನನ್ನ ಹೆಸರನ್ನು ಮಾತ್ರ ಧಾರಾಳವಾಗಿ ಹೇಳಿದ್ದಳು. ಆದರೂ, ಆ ಅಮ್ಮನ ಸಂತೋಷದ ದಿನ ಎಂದು, ಮೊದಲು ನಾಲಿಗೆ ಕಚ್ಚಿಕೊಂಡೆ.

"ಅಮ್ಮ, ಮಳೆ ಹಿಡಿದಾಗ ನೀವು ಮಹಡಿಯ ಮೇಲೆ ಮಲಗಿ" ಎಂದೆ.

ಅವರು ನಕ್ಕರು. "ಮಹಡಿಗಾ? ನಾನು ಹತ್ತುವ ಹಾಗಿದ್ದರೆ ನೀನು ನನಗೆ ಇಂಥ ಮನೆ ಮಾಡಿಕೊಡುತ್ತಿದ್ದೆಯಾ?"

ಅವಳು ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಬೇಡ ಎಂದು ಕಣ್ಣಿನಲ್ಲೇ ಕೇಳಿಕೊಂಡಳು. ಒಂದು ವರ್ಷ ನನ್ನ ಚಹಾ ಕುಡಿದ ಕಣ್ಣು ಅದು, ನನಗೆ ಪ್ರೀತಿಯ ಕಣ್ಣು. ನಾನು ಫೋನಿನ ಕಡೆ ತಿರುಗಿದೆ.

"ಇದು ನಾನು ಮಾಡಿದ ಮನೆಯಲ್ಲ ಅಮ್ಮ. ನಾನು ನೆಲವನ್ನು ಎತ್ತರಕ್ಕೆ ಇಟ್ಟಿದ್ದೆ. ನೀವು ನಡೆದುಕೊಂಡು ಬರಲು ಇಳಿಜಾರು ಇಟ್ಟಿದ್ದೆ, ನಡುವೆ ಕೂರಲು ಬೆಂಚು ಇಟ್ಟಿದ್ದೆ. ಅದನ್ನು ತೆಗೆದರು. ನನಗೆ ಹೇಳಲಿಲ್ಲ."

ಅಮ್ಮ ಕನ್ನಡಕ ತೆಗೆದು ಬಟ್ಟೆಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಮಗಳನ್ನು ಕರೆಯಲಿಲ್ಲ, ಯಾರು ತೆಗೆದರು ಎಂದೂ ಕೇಳಲಿಲ್ಲ. ಹಿಂದೆ ಬಂಧುಗಳು ಇನ್ನೂ ಹಾಡುತ್ತಿದ್ದರು.

"ಹಾಗಾದರೆ ನೀರು ಬರುತ್ತದೆ" ಎಂದರು.

"ಬರುತ್ತದೆ."

"ಎಲ್ಲಿಯವರೆಗೆ?"

ಎದುರಿನವಳು ಫೋನಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ.

"ನಿಮ್ಮ ಮಂಡಿಯವರೆಗೆ, ಅಮ್ಮ."