ಭಾರ ಎನ್ನಬಾರದ ಕೂಸು

ನನ್ನ ಮೊದಲ ಮಗ ಹುಟ್ಟುವಾಗಲೇ ಕೈತುಂಬ ಇದ್ದ. ಹಲ್ಲು ಮೂಡುವ ಹೊತ್ತಿಗೆ ಎರಡು ಕೈಗೂ ಮೀರಿದ. ತೊಡೆಗೆ ಮಡಿಕೆಯ ಮೇಲೆ ಮಡಿಕೆ, ಮಣಿಕಟ್ಟಿನಲ್ಲಿ ದಾರ ಬಿಗಿದಂಥ ಗೆರೆ. ಅವನಿಗೊಂದು ಕುತ್ತಿಗೆ ಇದೆ ಎಂಬುದು ನೀರು ಎರೆಯುವಾಗ ಮಾತ್ರ ಗೊತ್ತಾಗುತ್ತಿತ್ತು. ನೋಡಿದವರೆಲ್ಲ ಗಲ್ಲ ಹಿಂಡುತ್ತಿದ್ದರು. ಆದರೆ ಒಬ್ಬರೂ ಅವನನ್ನು ಭಾರ ಅನ್ನುತ್ತಿರಲಿಲ್ಲ. ನಮ್ಮ ಕಡೆ ಕೂಸಿಗೆ ಹಾಗೆ ಅನ್ನಬಾರದು. ಅಂದರೆ ದೃಷ್ಟಿಯಾಗಿ ಕೂಸು ಸೊರಗುತ್ತದೆ. ಎತ್ತಿಕೊಂಡವರು ಏದುಸಿರು ಬಿಡುತ್ತಲೇ "ಹೂವಿನಂಗ ಹಗರ ಅದಾನ ನೋಡ್ರಿ" ಎಂದು ಹೊಗಳಿ, ಮರುಗಳಿಗೆ ನನ್ನ ಕೈಗೆ ಕೊಟ್ಟು ಸರಿದುಬಿಡುತ್ತಿದ್ದರು. ಆ ಹೂವನ್ನು ದಿನವೂ ಹೊರುತ್ತಿದ್ದವಳು ನಾನು.

ಎಪ್ಪತ್ತರ ದಶಕದ ಮಾತು. ಗಂಡ ವಿಜಾಪುರದ ಒಂದು ಕಚೇರಿಯಲ್ಲಿ ಕಾರಕೂನರು, ನಮ್ಮ ಬಾಡಿಗೆ ಮನೆಯೂ ಅಲ್ಲೇ. ನಾನು ಜೈನಾಪುರದ ಶಾಲೆಯಲ್ಲಿ ಮಾಸ್ತರಿಣಿ. ಬೆಳಿಗ್ಗೆ ಬಸ್ಸು ಹಿಡಿದು ಬಬಲೇಶ್ವರದಲ್ಲಿ ಇಳಿಯಬೇಕು. ಅಲ್ಲಿಂದ ಮುಂದಕ್ಕೆ ಎತ್ತಿನ ಬಂಡಿ ಸಿಕ್ಕರೆ ಬಂಡಿ, ಸಿಗದಿದ್ದರೆ ನಡಿಗೆ. ಬಹಳ ಸಲ ನಡಿಗೆಯೇ. ಹೆರಿಗೆ ರಜೆ ಮುಗಿದಾಗ ಮಗನನ್ನು ಜೊತೆಗೇ ಒಯ್ಯುತ್ತೇನೆ ಎಂದು ಹೇಳಿಬಿಟ್ಟೆ. ಅವನು ಬಾಟಲಿ ಮುಟ್ಟುತ್ತಿರಲಿಲ್ಲ. ರಬ್ಬರಿನ ತುದಿ ಬಾಯಿಗಿಟ್ಟರೆ ಮೋಸಹೋದವನ ಮುಖ ಮಾಡಿ ಉಗುಳುತ್ತಿದ್ದ. ಶಾಲೆಯ ಪಕ್ಕದ ಮನೆಯ ಅಜ್ಜಿ, "ತಗೊಂಡ ಬಾ ಯವ್ವಾ, ನಾ ನೋಡ್ಕೋತೀನಿ. ನಡುವಿನ ಸೂಟ್ಯಾಗ ಬಂದು ಮೊಲಿ ಕುಡಿಸಿ ಹೋಗು" ಎಂದಿದ್ದರು. ಹಾಗಾಗಿ ಶಾಲೆ ಮುಟ್ಟಿದ ಮೇಲೆ ಚಿಂತೆಯಿರಲಿಲ್ಲ. ಮುಟ್ಟುವುದೇ ಚಿಂತೆ.

ಅತ್ತೆ ಮಾವ ಇದ್ದದ್ದು ತಿಕೋಟಾದಲ್ಲಿ, ಹೊಲಮನೆ ನೋಡಿಕೊಂಡು. ಅತ್ತೆ ಮೊದಲೇ ದಾರಿ ಹೇಳಿದ್ದರು. "ಕೂಸಿನ್ನ ನಮ್ಮ ಹಂತೇಕ ಬಿಡು. ಎಮ್ಮಿ ಹಾಲು ಕುಡದು ಬೆಳೀತೈತಿ. ನೀ ರವಿವಾರಕ್ಕೊಮ್ಮೆ ಬಂದು ನೋಡ್ಕೊಂಡ ಹೋಗು." ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹಾಗೆ ಬೆಳೆದ ಮಕ್ಕಳು ಎಷ್ಟೋ. ಆದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ವಾರಕ್ಕೊಮ್ಮೆ ಬರುವ ಬೀಗರನ್ನು ನೋಡಿದ ಹಾಗೆ ನನ್ನನ್ನು ನೋಡುವುದು ನನಗೆ ಬೇಕಿರಲಿಲ್ಲ. ನೌಕರಿ ಬಿಡುವುದೂ ಬೇಕಿರಲಿಲ್ಲ. ಉಳಿದದ್ದು ಒಂದೇ: ಇವನನ್ನು ಹೊರುವ ದಾರಿ ಹುಡುಕಬೇಕು.

ಮೊದಲು ಎಲ್ಲರಂತೆ ಬಗಲಿಗೆ ಹಾಕಿಕೊಂಡೆ. ಆಗ ನೈಲಾನ್ ಸೀರೆಯ ಕಾಲ. ಹಿಂಡಿ ಹಾಕಿದರೆ ಒಣಗುತ್ತದೆ, ಇಸ್ತ್ರಿಯ ರಗಳೆಯಿಲ್ಲ ಎಂದು ನೌಕರಿಯ ಹೆಂಗಸರೆಲ್ಲ ಅದನ್ನೇ ಉಡುತ್ತಿದ್ದೆವು. ಅದರ ಮೇಲೆ ಕೂತ ನನ್ನ ಮಗ ಜಾರುಬಂಡಿ ಆಡಿದ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಎತ್ತಿ, ಮತ್ತೆ ಸೊಂಟದ ಮೇಲೆ ಕೂಡಿಸಬೇಕು. ವಾಲಿ ನಡೆದೂ ನಡೆದೂ ನನ್ನ ಮೈ ಒಂದೇ ಕಡೆಗೆ ನಿಂತುಬಿಟ್ಟಿತು. ಕರಿಹಲಗೆಯ ಮೇಲೆ ನಾನು ಬರೆದ ಸಾಲುಗಳೂ ಎಡಕ್ಕೆ ಇಳಿಯತೊಡಗಿದವು, ಮಕ್ಕಳು ತಲೆ ವಾರೆ ಮಾಡಿ ಓದುತ್ತಿದ್ದರು.

ಆಮೇಲೆ ಸೊಲ್ಲಾಪುರದ ಚಾದರ. ಅದನ್ನು ಜೋಳಿಗೆಯಂತೆ ಹೆಗಲಿಗೆ ಕಟ್ಟಿ ಅವನನ್ನು ಒಳಗೆ ಇಳಿಸಿದೆ. ಚಾದರ ಗಟ್ಟಿ, ಅದರ ಗಂಟು ಇನ್ನೂ ಗಟ್ಟಿ. ಜೈನಾಪುರ ಮುಟ್ಟುವಷ್ಟರಲ್ಲಿ ಆ ಗಂಟು ಹೆಗಲಿನ ಎಲುಬಿಗೆ ತಾಗಿ ಕೈ ಜುಮುಜುಮು ಅನ್ನುತ್ತಿತ್ತು. ಬಿಸಿಲು ಬೇರೆ. ಒಳಗಿಂದ ಮಗನನ್ನು ತೆಗೆದರೆ ಕೆಂಪಗೆ, ಒದ್ದೆಯಾಗಿ, ಇಡ್ಲಿ ಪಾತ್ರೆಯಿಂದ ತೆಗೆದ ಹಾಗೆ ಹೊರಬರುತ್ತಿದ್ದ. ಅಜ್ಜಿ ಅವನ ಮೈಗೆ ಬೀಸಣಿಕೆ ಬೀಸುತ್ತ ನನ್ನನ್ನು ಬೈಯುತ್ತಿದ್ದರು.

ನನ್ನ ಗಂಡನಿಗೆ ಯಾವುದೋ ಮಾಸಿಕದಲ್ಲಿ ವಿದೇಶದವನೊಬ್ಬ ಕೂಸನ್ನು ಬೆನ್ನಚೀಲದಲ್ಲಿ ಹೊತ್ತ ಚಿತ್ರ ಸಿಕ್ಕಿತು. ಅದನ್ನು ಹರಿದುಕೊಂಡು ಸ್ಟೇಷನ್ ರಸ್ತೆಯ ಟೇಲರ್ ಚಾಚಾನ ಹತ್ತಿರ ಹೋದೆವು. ಹಾಸಿಗೆ ಸುತ್ತಿ ಒಯ್ಯುವ ಹೋಲ್ಡಾಲು, ಖಾಕಿ ಚೀಲ ಹೊಲಿಯುವುದರಲ್ಲಿ ಅವರ ಕೈ ಗಟ್ಟಿ. ಚಾಚಾ ಟೇಪು ತೆಗೆದು ಮಗನ ತೊಡೆ ಅಳೆದರು. ಅಳತೆ ನೋಡಿ ಹುಬ್ಬೇರಿಸಿದರು, ಆದರೆ ಬಾಯಿಬಿಟ್ಟು ಹೇಳಲಿಲ್ಲ. "ಮಾಶಾ ಅಲ್ಲಾ" ಎಂದು ಮೆಲ್ಲಗೆ ಅಂದು ಸೀಸದ ಕಡ್ಡಿಯಿಂದ ಬಟ್ಟೆಯ ಮೇಲೆ ಗುರುತು ಹಾಕಿಕೊಂಡರು. ಭಾರ ಅಂದರೆ ದೃಷ್ಟಿಯಾಗುತ್ತದೆ ಎಂಬ ಭಯ ಅವರ ಮನೆಯಲ್ಲೂ ಇತ್ತು ಎಂದು ನನಗೆ ಅಲ್ಲಿ ಗೊತ್ತಾಯಿತು. ಚೀಲ ಸಿದ್ಧವಾದಾಗ ಒಳಗೆ ಇಸ್ತ್ರಿ ಪೆಟ್ಟಿಗೆ ಇಟ್ಟು ಎತ್ತಿ ತೋರಿಸಿ, "ಹರ್ಯಾಂಗಿಲ್ರಿ ಬಾಯಾರ. ಇವನ ಮಕ್ಕಳೂ ಇದರಾಗ ಕುಂದರತಾರ" ಎಂದರು.

ಅವರ ಮಾತು ಖರೆ. ಚೀಲ ಹರಿಯಲಿಲ್ಲ. ಆದರೆ ಇಸ್ತ್ರಿ ಪೆಟ್ಟಿಗೆಗೆ ತೊಡೆಯಿಲ್ಲ. ಎರಡು ತೂತಿನಲ್ಲಿ ಕಾಲು ತೂರಿಸಿ ಕೂಡಿಸಿದರೆ ಮಗನ ಮೈಯೆಲ್ಲ ಆ ತೂತಿನ ಅಂಚಿನ ಮೇಲೇ ನಿಲ್ಲುತ್ತಿತ್ತು, ಕಾಲು ಕೆಳಗೆ ಜೋತಾಡುತ್ತಿದ್ದವು. ಸಂಜೆ ಬಿಚ್ಚಿ ನೋಡಿದರೆ ತೊಡೆಯ ಸುತ್ತ ಕೆಂಪು ಬಳೆ. ನನ್ನ ಹೆಗಲಲ್ಲೂ ಪಟ್ಟಿಯ ಬರೆ. ಗಂಡ ಮತ್ತೆ ಆ ಚಿತ್ರ ನೋಡಿ, "ಆ ಕೂಸು ಸಣ್ಣದೈತಿ" ಎಂದರು. ಸಣ್ಣದು ಎನ್ನಬಹುದು, ಅದಕ್ಕೆ ಅಡ್ಡಿಯಿಲ್ಲ. ಆ ಚೀಲದಲ್ಲಿ ನಾವು ಆಮೇಲೆ ಬಹಳ ಕಾಲ ಜೋಳ ತಂದೆವು.

ಕೊನೆಗೆ ನನ್ನ ಅವ್ವನ ಹಳೆಯ ಇಳಕಲ್ ಸೀರೆ ತೆಗೆದೆ. ಉಟ್ಟು ಉಟ್ಟು ಕೂಸಿನ ಮೈಯಷ್ಟೇ ಮೆತ್ತಗಾಗಿತ್ತು. ಅದನ್ನು ಬೆನ್ನಿಗೆ ಕಟ್ಟಿಕೊಂಡ ಮೊದಲ ದಿನ ಮಗ ದಾರಿಯುದ್ದಕ್ಕೂ ನಿದ್ದೆ ಮಾಡಿದ, ನಾನು ಗುನುಗುತ್ತ ನಡೆದೆ. ಗೆದ್ದೆ ಅಂದುಕೊಂಡೆ. ಒಂದು ಶನಿವಾರ ಬಬಲೇಶ್ವರದಲ್ಲಿ ಬಸ್ಸಿಳಿಯುವಾಗ ಬೆನ್ನ ಹಿಂದೆ ಪರ್ರನೆ ಸದ್ದಾಯಿತು. ಮೆತ್ತಗಾದ ಸೀರೆ ಒಳಗೇ ಜೀರ್ಣವಾಗಿತ್ತು. ಕೈ ಹಿಂದಕ್ಕೆ ಹೋದದ್ದು ಹೇಗೋ, ಅವನ ಒಂದು ತೋಳು ಸಿಕ್ಕಿತು. ಹಿಂದಿದ್ದ ಹೆಂಗಸೊಬ್ಬಳು ಕಾಲು ಹಿಡಿದಳು. ಮಗನಿಗೆ ಏನೂ ಆಗಲಿಲ್ಲ, ಕಕ್ಕಾಬಿಕ್ಕಿಯಾಗಿ ಅತ್ತ ಅಷ್ಟೇ. ನಾನು ಮಾತ್ರ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅದೇ ಸಂಜೆ ಮಗನನ್ನು ಕರೆದುಕೊಂಡು ತಿಕೋಟಾಕ್ಕೆ ಹೋದೆ. ಗಂಡನಿಗೆ ಕಚೇರಿಯ ಕೆಲಸವಿತ್ತು, ಬರಲಿಲ್ಲ. ರವಿವಾರ ಮಧ್ಯಾಹ್ನ ಮಾವ ಊಟಕ್ಕೆ ಕೂತಿದ್ದಾಗ ಸೀರೆ ಹರಿದ ಸುದ್ದಿ ಹೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಸಾಕ ಬಿಡ ಬೇ. ನಿನ್ನ ಹಟಕ್ಕ ಕೂಸಿನ ಕೈಕಾಲು ಮುರದಾವು. ನಾಳೆ ಇಲ್ಲೇ ಬಿಟ್ಟ ಹೋಗು."

"ಹಟಾ ಅಲ್ರಿ ಅತ್ತಿ," ಎಂದೆ. "ಅಂವ ಭಾರ ಅದಾನ್ರಿ. ಭಾರ! ಎಲ್ಲಾರೂ ಹೂವು ಹೂವು ಅಂತೀರಿ. ನನಗ ಹೊರಾಕ ಆಗವಲ್ದು."

ಮಾವ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ತಾಟಿನಲ್ಲೇ ನಿಲ್ಲಿಸಿದರು. ಅತ್ತೆ ಎದೆ ಮುಟ್ಟಿಕೊಂಡು, "ಹಡದ ತಾಯೇ ಹಿಂಗ ಅಂದ್ರ ಹೆಂಗೋ ಶಿವನ" ಎಂದು ಎದ್ದವರು ಉಪ್ಪು ಮೆಣಸಿನಕಾಯಿ ತಂದು ಮಗನಿಗೆ ಇಳಿ ತೆಗೆದು ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ನಂಬಿಕೆ. ಅವತ್ತು ಮನೆಮಂದಿಯೆಲ್ಲ ಕಣ್ಣೀರು ಸುರಿಸುವಷ್ಟು ಕೆಮ್ಮಿದೆವು. ಅಂದರೆ ನನ್ನ ಮಾತಿನಿಂದ ಏನೂ ಆಗಿರಲಿಲ್ಲ. ಆದರೂ ಅದನ್ನು ಹೇಳಿ ಜಗಳ ಮುಂದುವರಿಸುವ ಕಸುವು ನನ್ನಲ್ಲಿ ಉಳಿದಿರಲಿಲ್ಲ. "ಆತ್ರಿ, ಬಿಟ್ಟ ಹೋಗ್ತೀನಿ" ಎಂದೆ.

ಸೋಮವಾರ ಬೆಳಿಗ್ಗೆ ಮಗನ ಅಂಗಿ, ಕುಲಾಯಿ, ಹೊದಿಸುವ ದುಬಟಿ ಎಲ್ಲ ಮಡಚಿ ಗಂಟು ಕಟ್ಟಿ ಅತ್ತೆಯ ಟ್ರಂಕಿನ ಮೇಲಿಟ್ಟೆ. ಅವನಿಗೆ ಹಾಲು ಕುಡಿಸಿದೆ. ಹೊಟ್ಟೆ ತುಂಬಿದ ಮೇಲೂ ಬಿಡಿಸಲಿಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. ಆಗ ಅಂಗಳದಿಂದ ಮಾವನ ಕೆಮ್ಮು ಕೇಳಿಸಿತು.

ಮಾವ ನನ್ನ ಜೊತೆ ಮಾತಾಡಿದ್ದು ಬಹಳ ಕಡಿಮೆ. ಅವರು ಒಳಬರುವ ಮೊದಲು ಕೆಮ್ಮುತ್ತಿದ್ದರು, ನಾನು ಸೆರಗು ತಲೆಗೆ ಎಳೆದುಕೊಳ್ಳುತ್ತಿದ್ದೆ. ನಮ್ಮ ಸಂಬಂಧ ಅಷ್ಟರಲ್ಲೇ ನಡೆದಿತ್ತು. ಹಿರಿಯರ ಮುಂದೆ ತಮ್ಮ ಮಕ್ಕಳನ್ನೂ ಎತ್ತಿಕೊಂಡವರಲ್ಲ, ಆಗಿನ ರೀತಿಯೇ ಹಾಗೆ. ಇನ್ನು ಅವರ ರುಮಾಲು. ತಲೆಗೆ ಸುತ್ತುವ ಆ ಉದ್ದನೆಯ ಬಿಳಿ ಬಟ್ಟೆಯನ್ನು ಮನೆಯಲ್ಲಿ ಯಾರೂ ದಾಟುತ್ತಿರಲಿಲ್ಲ, ನೆಲಕ್ಕಿಡುತ್ತಿರಲಿಲ್ಲ. ಅದಿಲ್ಲದೆ ಮಾವ ಹೊಸ್ತಿಲು ದಾಟುತ್ತಿರಲಿಲ್ಲ. ಬರಿದಲೆಯಲ್ಲಿ ಗಂಡಸು ಬೀದಿಗಿಳಿದರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ.

"ಕೂಸಿನ್ನ ಇಲ್ಲಿ ತಾ" ಎಂದು ಅವರು ಅತ್ತೆಗೆ ಹೇಳಿದರು. ಹೇಳುತ್ತಲೇ ತಲೆಯ ಮೇಲಿನ ರುಮಾಲು ಬಿಚ್ಚತೊಡಗಿದರು. ಸುತ್ತು ಸುತ್ತಾಗಿ ಅದು ಅವರ ಕೈಗೆ ಬಂತು. ನಾನು ಅವರ ನೆತ್ತಿ ನೋಡಿದ್ದು ಅದೇ ಮೊದಲು. ಮುಖ ಬಿಸಿಲಿಗೆ ಕಪ್ಪಾಗಿತ್ತು, ನೆತ್ತಿ ಬೆಳ್ಳಗೆ ಎಳೆಯದಾಗಿತ್ತು.

"ಏನ ಮಾಡಾಕತ್ತೀರಿ?" ಅತ್ತೆ ಗಾಬರಿಯಾದರು. "ತಲಿ ಮ್ಯಾಗಿನ ವಸ್ತ್ರ ಅದು. ಅಂವ ಉಚ್ಚಿ ಹೊಯ್ದ್ರ?"

"ಹೊಯ್ಲಿ. ತೊಳದ್ರ ಹೋಗತೈತಿ."

ಮಾವ ಸೊಸೆಯ ಮೈ ಮುಟ್ಟುವಂತಿಲ್ಲ. ಹಾಗಾಗಿ ಕೂಸನ್ನು ತಮ್ಮ ಬೆನ್ನಿಗೇ ಕಟ್ಟಿಕೊಂಡು ತೋರಿಸಿದರು. "ಒಂದ ಕಡೆ ಬಿಗದ್ರ ತಲಿ ನೋಯ್ತೈತಿ," ಎಂದು ಅತ್ತೆಗೆ ಹೇಳುವ ಹಾಗೆ ನನಗೆ ಹೇಳಿದರು. "ಹರವಿ ಸುತ್ತಬೇಕು. ಮೊಣಕಾಲಿನಿಂದ ಮೊಣಕಾಲಿನ ತನಕ ಬಟ್ಟಿ ಬರಲಿ. ಗಂಟು ಒಂದೇ, ಅದೂ ಮುಂದ." ಆಮೇಲೆ ಅಂಗಳದಲ್ಲಿ ಎತ್ತುಗಳ ಗೂಟದವರೆಗೆ ನಡೆದು ಹಿಂದಿರುಗಿದರು. ಮಗ ಅಜ್ಜನ ಎರಡೂ ಕಿವಿ ಹಿಡಿದು ಕೇಕೆ ಹಾಕಿದ. ಮಾವ ನಗಲಿಲ್ಲ, ಆದರೆ ಗೂಟದವರೆಗೆ ಇನ್ನೊಮ್ಮೆ ಹೋಗಿಬಂದರು.

ಬಳಿಕ ರುಮಾಲು ಬಿಚ್ಚಿ ಅತ್ತೆಯ ಕೈಗಿತ್ತು, ಬೆನ್ನು ತಿರುಗಿಸಿ ನಿಂತರು. ಕಟ್ಟಬೇಕಾದವರು ಈಗ ಅತ್ತೆ. ಅವರು ಬಟ್ಟೆಯ ಅಂಚು ಸವರುತ್ತ ನಿಂತರು. ಬೇಡ ಅನ್ನುತ್ತಾರೆ ಎಂದೇ ನಾನು ಅಂದುಕೊಂಡೆ. ಆಮೇಲೆ ಮಗನನ್ನು ನನ್ನ ಬೆನ್ನಿಗೆ ಒರಗಿಸಿ, ತೊಡೆಯ ಕೆಳಗೆ ಬಟ್ಟೆ ಹರವಿ, ನೆರಿಗೆ ನೆರಿಗೆಯಾಗಿ ಹೆಗಲ ಮೇಲೆ ಬಿಡಿಸಿ ತಂದು ಎದೆಯ ಮೇಲೆ ಗಂಟು ಹಾಕಿದರು. ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದರು. "ಬಿಗಿ ಆತೇನ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಆ ಬಟ್ಟೆ ಎಲ್ಲೂ ಒತ್ತುತ್ತಿರಲಿಲ್ಲ. ಮಗನ ಭಾರ ಅಷ್ಟೇ ಇತ್ತು, ಆದರೆ ಹೆಗಲು, ಬೆನ್ನು, ಸೊಂಟ ಎಲ್ಲವೂ ಅದನ್ನು ಹಂಚಿಕೊಂಡಿದ್ದವು. ಅತ್ತೆ ಒಳಗೆ ಹೋಗಿ ಟ್ರಂಕಿನ ಮೇಲಿದ್ದ ಗಂಟನ್ನು ತಂದು ನನ್ನ ಚೀಲದಲ್ಲಿ ಹಾಕಿದರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಬಸ್ ಸ್ಟ್ಯಾಂಡಿನವರೆಗೆ ಮಾವ ಚೀಲ ಹಿಡಿದು ನನ್ನ ಮುಂದೆ ನಡೆದರು, ಬರಿದಲೆಯಲ್ಲೇ. ಬೇರೆ ರುಮಾಲು ಅಗಸರ ಮನೆಯಲ್ಲಿತ್ತು. ಚಹಾದ ಅಂಗಡಿಯ ಮುಂದೆ ಕೂತಿದ್ದವರು ಅವರನ್ನು ನೋಡಿ ಕೈಯ ಕಪ್ಪು-ಬಸಿ ಕೆಳಗಿಟ್ಟು ಎದ್ದು ನಿಂತರು. ಒಬ್ಬರು ಓಡಿಬಂದು ಮಾವನ ಕೈ ಹಿಡಿದುಕೊಂಡರು.

"ಯಾಕ್ರಿ ಕಾಕಾ, ಯಾರ ಹೋದ್ರಿ?"

"ಯಾರೂ ಹೋಗಿಲ್ಲಪಾ," ಎಂದರು ಮಾವ. "ಮೊಮ್ಮಗಾ ಸಾಲಿಗ ಹೊಂಟಾನ."

ಅಲ್ಲಿದ್ದವರೆಲ್ಲ ನನ್ನ ಬೆನ್ನ ಕಡೆ ನೋಡಿದರು, ಮಾವನ ನೆತ್ತಿ ನೋಡಿದರು, ಮತ್ತೆ ನನ್ನ ಬೆನ್ನ ಕಡೆ ನೋಡಿದರು. ನಗು ಬಾರದಿರಲೆಂದು ನಾನು ಸೆರಗಿನೊಳಗೆ ತುಟಿ ಕಚ್ಚಿಕೊಂಡೆ.

ಬಸ್ಸು ಬಂತು. ಮಗನನ್ನು ಮುಂದಕ್ಕೆ ಸರಿಸಿಕೊಂಡು ಕಿಟಕಿಯ ಪಕ್ಕ ಕೂತೆ. ಮಾವ ಕಿಟಕಿಯ ಕೆಳಗೆ ಬಂದು ನಿಂತರು. ನನ್ನ ಮುಖ ನೋಡಲಿಲ್ಲ, ಬಸ್ಸಿನ ಗಾಲಿ ನೋಡುತ್ತ, "ಭಾರ ಆತಂದ್ರ ಹೇಳವಾ ಯವ್ವಾ. ಹೇಳಿದ್ರ ಏನೂ ಆಗೂದಿಲ್ಲ" ಎಂದರು.

ವಿಜಾಪುರ ಬರುವವರೆಗೂ ನಾನು ಸೆರಗು ಬಾಯಿಗೊತ್ತಿಕೊಂಡು ಅಳುತ್ತಲೇ ಇದ್ದೆ. ಮಗ ರುಮಾಲಿನ ಅಂಚು ಚೀಪುತ್ತ ನಿದ್ದೆ ಹೋಗಿದ್ದ. ಊರು ಸಮೀಪಿಸುವಾಗ ತೊಡೆ ಬೆಚ್ಚಗಾಯಿತು. ಉಚ್ಚೆ ಹೊಯ್ದಿದ್ದ.